ಎಲ್ಲ ಸೇರಿ

ಎರಡು ಸಾವಿರದ ನಾನೂರು ಯೂರೋ, ಎಲ್ಲ ಸೇರಿ.
ಅಕ್ಷರ ನನ್ನದೇ. ಆಗಸ್ಟ್ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ
ಮೊಂಡು ಪೆನ್ಸಿಲಿನಲ್ಲಿ ಗೀಚಿದ್ದು.
ಉರ್ವೆ ಅದನ್ನು ಮೇಜಿನ ಮೇಲಿಟ್ಟು
ಉಪ್ಪಿನ ಡಬ್ಬಿ ಹೇರಿದ್ದಾಳೆ, ಹಾರಿ ಹೋಗದಂತೆ.
ಕಿಟಕಿಗಳೆಲ್ಲ ಮುಚ್ಚಿವೆ. ಗಾಳಿ ಎಲ್ಲಿಂದ ಬರಬೇಕು?

ಪಕ್ಕದಲ್ಲಿ ನನ್ನ ಬಿಲ್ಲು: ಮೂರು ಸಾವಿರದ ನೂರೈವತ್ತು.
ಇಪ್ಪತ್ತಾರು ವರ್ಷ ಸಾಮೂಹಿಕ ಡೇರಿಯಲ್ಲಿ
ಹಾಲಿನ ಲೆಕ್ಕ ಬರೆದವಳು ಆಕೆ.
ಒಂದು ಕುಡಿತೆಯೂ ಆಕೆಯ ಕಣ್ಣು ತಪ್ಪಿಸಿ
ಬೆಕ್ಕಿನ ಪಾಲಾಗಿರಲಿಕ್ಕಿಲ್ಲ.
"ಕಾಲ್ಯು, ಈ ಏಳುನೂರೈವತ್ತು ಎಲ್ಲಿ ಹುಟ್ಟಿತು?"

ನೆಲದಡಿ ಹುಟ್ಟಿತು, ಅಂದೆ.
ಹಳೇ ಒಲೆ ಕಿತ್ತ ದಿನ ಹಾರೆ ತಾಗಿಸಿದರೆ
ಟಣ್ ಅನ್ನಬೇಕಿತ್ತು, ಬುಸ್ ಅಂದಿತು.
ತೊಲೆಯೆಲ್ಲ ನೆನೆದ ರೊಟ್ಟಿ.
ಒಂದೂವರೆ ಟನ್ ಇಟ್ಟಿಗೆ ಅದರ ಮೇಲೆ ಕೂರಿಸಲೇ?
ಫೋನ್ ಮಾಡಿದ್ದೆನಲ್ಲ, ತಾರ್ತುವಿನಲ್ಲಿ ತಂಗಿಯ ಮನೆಯಲ್ಲಿದ್ದಿರಿ.
ಖರ್ಚು ಏರುತ್ತದೆ ಅಂದೆ.
ನೀವು "ನೋಯಾ" ಅಂದಿರಿ.

ಈ ನೋಯಾ ನಮ್ಮ ಕಡೆಯ ಮಾತು.
ಹೂಂ ಅಂದಂತೆಯೂ ಹೌದು, ಊಹೂಂ ಅಂದಂತೆಯೂ ಹೌದು.
ಮಳೆ ಬಂತು ಅಂದರೂ ನೋಯಾ,
ಗಂಡ ತೀರಿಕೊಂಡ ಅಂದರೂ ನೋಯಾ.
ನಾನು ಹೂಂ ಎಂದು ಕೇಳಿಸಿಕೊಂಡು ಸಿಮೆಂಟು ಕಲಸಿದೆ.
ಆಕೆ ಆಡಿದ್ದು, "ಬಂದ ಮೇಲೆ ನೋಡೋಣ" ಅಂತಂತೆ.

ತೂತು ಒಲೆ ಕೆಡಿಸಿತು, ಮಾತು ಮನೆ ಕೆಡಿಸಿತು.
ತೂತು ಮುಚ್ಚಲು ಬರುತ್ತದೆ ನನಗೆ:
ಜೇಡಿ, ಮರಳು, ಒದ್ದೆ ಹೆಬ್ಬೆರಳು.
ಮಾತಿಗೆ ಯಾವ ಗಾರೆ?

ಕಸುಬು ಕಲಿಸಿದ ವಿಲ್ಲೆಮ್ ಆಗಿದ್ದರೆ ವಾದಕ್ಕೇ ಇಳಿಯುತ್ತಿರಲಿಲ್ಲ.
ಚಿಮಣಿಯೊಳಗೆ ಅಡ್ಡಲಾಗಿ ಗಾಜೊಂದನ್ನು ಕೂರಿಸುತ್ತಿದ್ದ.
ಕೆಳಗಿನಿಂದ ನೋಡಿದರೆ ಆಕಾಶ ಕಾಣುವುದು,
ಹೊಗೆ ಮಾತ್ರ ಮನೆಗೇ ಮರಳುವುದು.
ಹಣ ಕೈಗೆ ಬಿದ್ದ ದಿನ ಛಾವಣಿ ಹತ್ತಿ
ಒಂದು ಇಟ್ಟಿಗೆ ಬಿಡುವನು. ಛಳ್!
ಲೆಕ್ಕ ಚುಕ್ತಾ.

ಗಾಜು ನನ್ನ ವ್ಯಾನಿನಲ್ಲೂ ಇದೆ, ಹಳೇ ಕಂಬಳಿ ಸುತ್ತಿ.
ಮೊನ್ನೆ ಬಿಲ್ಲು ಕೊಟ್ಟಾಗಲೇ ಆಕೆಯ ತುಟಿ ಬಿಗಿದಿತ್ತು,
ನಿನ್ನೆ ಸಂಜೆ ಅದನ್ನು ಏಣಿಯ ಬುಡದ ತನಕ ಹೊತ್ತು ತಂದೆ.
ಕಿಟಕಿಯಲ್ಲಿ ಆಕೆ,
ಎರಡು ಸ್ವೆಟರಿನ ಮೇಲೆ ಗಂಡನ ಕೋಟು ತೊಟ್ಟು
ಈರುಳ್ಳಿ ಹೆಚ್ಚುತ್ತಿದ್ದಳು.
ಒಯ್ದು ಮತ್ತೆ ಕಂಬಳಿಯೊಳಗಿಟ್ಟೆ.

ಬಕೆಟಿನಲ್ಲಿ ಉಳಿಸಿದ್ದ ತೊಲೆಯ ಚೂರು ತಂದು
ಹಾಳೆಯ ಪಕ್ಕ ಸುರಿದೆ.
ಕನ್ನಡಕ ಏರಿಸಿ ಒತ್ತಿದಳು. ಪುಡಿ. ಮೂಸಿದಳು.
"ಇದನ್ನು ನಂಬಿ ಐವತ್ತು ಚಳಿಗಾಲ ಬೆನ್ನು ಕಾಸಿಕೊಂಡೆನೆ?"
ಆಮೇಲೆ ಬೆರಳು ಸರಿದು ನಿಂತದ್ದು ಮತ್ತೆ ಅಲ್ಲೇ,
'ಎಲ್ಲ' ಎಂಬಲ್ಲಿ.
"ಇದನ್ನು ಬರೆದವರು ಯಾರು?"

ನಾನೇ.
ಒಂದು ಹಲಗೆಯನ್ನೂ ಎತ್ತಿ ನೋಡದೆ, ಕಾಫಿ ಹೀರುತ್ತ,
ಕಾಣದ್ದನ್ನೂ ಕೂಡಿಸಿ ಬರೆದ ಧಾರಾಳಿ.

ರಸೀದಿ ಕೇಳಿದಳು. ಕೊಟ್ಟೆ.
ಮರ, ಸಿಮೆಂಟು, ಕಬ್ಬಿಣ: ಮುನ್ನೂರ ಹತ್ತು.
"ಅಷ್ಟು ಕೊಡುತ್ತೇನೆ."
ಮೂರು ದಿನದ ಕೂಲಿ?
"ಅದಕ್ಕೆ ರಸೀದಿ ಇದೆಯೆ?"
ಮೊಣಕಾಲು ತೋರಿಸಲೇ ಅಂದುಕೊಂಡೆ. ತೋರಿಸಲಿಲ್ಲ.

ಇಪ್ಪತ್ತರ ನೋಟು ನೂರ ಮೂವತ್ತೈದು, ಹತ್ತರದು ಒಂದು.
ಎರಡು ಸಲ ತಾನು ಎಣಿಸಿ
ಮೂರನೆಯ ಸಲ ನನ್ನಿಂದ ಎಣಿಸಿದಳು.

ಹೊಸ ಒಲೆ, ಸಣ್ಣ ಬೆಂಕಿ.
ಬರ್ಚ್ ತೊಗಟೆಗೆ ಕಡ್ಡಿ ಹಚ್ಚಿದೆ.
ಹೊಗೆ ಬಾಗಿಲಲ್ಲೇ ಕ್ಷಣ ತಡೆದು, ಏನೋ ಯೋಚಿಸಿ,
ಮೇಲೇರಿತು.
ಕೆಲಸ ಹಿಡಿಸಿತೆ? ಕೇಳಿದೆ.
"ನೋಯಾ" ಅಂದಳು,
ಅಂಗೈ ಇಟ್ಟಿಗೆಗೆ ಒತ್ತಿ, ತೆಗೆಯದೆ.

ವೊರು ರಸ್ತೆಯ ಗುಂಡಿಗುಂಡಿಗೂ
ವ್ಯಾನಿನ ಹಿಂದೆ ಗಾಜು ಗಲಗಲ.
ನಾಳೆ ಇನ್ನೊಂದು ಮನೆ.
ಬೆಲೆ ಎಷ್ಟು ಅಂದರೆ
ಮೊದಲು ಹಾರೆ ಕೊಡಿ ಅನ್ನಬೇಕು.
ಕಾಫಿ ಆಮೇಲೆ.